ಗಾಡಿ ಚಾವಿ ಇಸಿದುಕೊಳ್ಳುವುದು ಹೇಗೆ?

ಪ್ರಶ್ನೆ: ನಮ್ಮ ತಂದೆಗೆ 71 ವರ್ಷ. ಅಲ್ಜೈಮರ್ಸ್ ಎಂಬ ಮರೆವಿನ ಕಾಯಿಲೆ ಇದೆ ಎಂದು ಎಂಟು ತಿಂಗಳ ಹಿಂದೆ ಗೊತ್ತಾಯಿತು. ಕಾರಿನ ಗೇರು, ಕ್ಲಚ್ಚು ಎಲ್ಲ ಸರಿಯಾಗಿಯೇ ಹಾಕುತ್ತಾರೆ. ಆದರೆ ಹೋದ ತಿಂಗಳು ನವನಗರದಲ್ಲಿ ಮನೆ ಸಿಗದೆ ಒಂದು ತಾಸು ಸುತ್ತಿ, ಕೊನೆಗೆ ಹಳೆ ಬಾಗಲಕೋಟೆಗೆ ಹೋಗಿ ನಿಂತಿದ್ದರು. ಚಾವಿ ಕೇಳಿದರೆ "ನಲವತ್ತು ವರ್ಷ ಗಾಡಿ ಹೊಡದೇನಿ, ನೀ ಹೇಳ್ತಿಯೇನ ನನಗ?" ಎಂದು ಸಿಟ್ಟಾಗುತ್ತಾರೆ.
— ಓದುಗರು, ಬಾಗಲಕೋಟೆ

ಉತ್ತರ: ಗಾಡಿ ಓಡಿಸುವುದನ್ನು ಈಗಲೇ ನಿಲ್ಲಿಸಬೇಕು. ಗೇರು ಹಾಕುವುದು ಕೈಕಾಲಿನ ರೂಢಿ, ಈ ಕಾಯಿಲೆಯಲ್ಲಿ ಅದು ಬಹಳ ದಿನ ಉಳಿಯುತ್ತದೆ. ಮೊದಲು ಕೆಡುವುದು ದಾರಿಯ ಗುರುತು, ಎದುರಿನ ಗಾಡಿ ಎಷ್ಟು ದೂರವಿದೆ ಎಂಬ ಅಂದಾಜು, ಒಮ್ಮೆಗೇ ಎರಡು ಕಡೆ ಲಕ್ಷ್ಯ ಕೊಡುವ ಶಕ್ತಿ. ಹೀಗಾಗಿ ಖಾಲಿ ರಸ್ತೆಯಲ್ಲಿ ಪಕ್ಕಕ್ಕೆ ಕುಳಿತವರಿಗೆ "ಚಲೋನ ಹೊಡಿತಾರಲ್ಲ" ಅನಿಸುತ್ತದೆ. ಕಬ್ಬಿನ ಹಂಗಾಮಿನಲ್ಲಿ ಹಿಂದೆ ದೀಪವಿಲ್ಲದ ಎರಡು ಟ್ರೇಲರು ಎಳೆಯುವ ಟ್ರ್ಯಾಕ್ಟರು ಕತ್ತಲಲ್ಲಿ ಎದುರಾದಾಗ ಬೇಕಾಗುವುದು ಗೇರಿನ ರೂಢಿಯಲ್ಲ, ತಕ್ಷಣದ ನಿರ್ಧಾರ.

ಅವರು ಹಳೆ ಊರಿಗೆ ಹೋದದ್ದಕ್ಕೂ ಕಾರಣವಿದೆ. ಆಲಮಟ್ಟಿ ಹಿನ್ನೀರಿನಲ್ಲಿ ಹಳೆ ಊರಿನ ಒಂದು ಭಾಗ ಮುಳುಗಡೆಯಾದದ್ದಕ್ಕೆ ಬದಲಿಯಾಗಿ ಕಟ್ಟಿದ ನವನಗರದಲ್ಲಿ ಒಂದು ಸೆಕ್ಟರಿನಂತೆಯೇ ಇನ್ನೊಂದು. ಹೊಸ ನೆನಪು ಮೊದಲು ಅಳಿಯುತ್ತದೆ, ಹಳೆಯದು ತಡವಾಗಿ. ಅವರ ಪಾಲಿಗೆ ಮನೆ ಎಂದರೆ ಇನ್ನೂ ಹಳೆ ಬಾಗಲಕೋಟೆಯದೇ.

ಮರೆವಿನ ಕಾಯಿಲೆ ಶುರುವಾದ ದಿನವೇ ಎಲ್ಲರೂ ಗಾಡಿ ಬಿಡಬೇಕೆಂದೇನಿಲ್ಲ. ಆದರೆ ಗೊತ್ತಿದ್ದ ದಾರಿ ತಪ್ಪುವುದು, ಬ್ರೇಕು–ಎಕ್ಸಲರೇಟರು ಅದಲುಬದಲಾಗುವುದು, ಬಂಪರಿನ ಮೇಲೆ ಅವರಿಗೇ ಗೊತ್ತಿಲ್ಲದ ಹೊಸ ಗೀರು ಕಾಣುವುದು, ಪಕ್ಕದಲ್ಲಿ ಕುಳಿತ ಅವ್ವ "ನಿಂದರ್ರಿ, ಬಲಕ್ಕ ಹೊಳ್ಳಸ್ರಿ" ಎನ್ನುತ್ತಲೇ ಇರಬೇಕಾಗುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡಬಾರದು. ಅವರ ಕಾರಿನಲ್ಲಿ ಮೊಮ್ಮಗಳನ್ನು ಒಬ್ಬಳನ್ನೇ ಶಾಲೆಗೆ ಕಳಿಸುತ್ತೀರಾ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ನಿಲ್ಲಿಸಬೇಕೆಂಬ ಮಾತು ಡಾಕ್ಟರ ಬಾಯಿಂದ ಬರಲಿ. ಏನೇನಾಯಿತು, ಯಾವ ದಿನ ಎಂದು ಒಂದು ಹಾಳೆಯಲ್ಲಿ ಬರೆದು ಮೊದಲೇ ಅವರಿಗೆ ಮುಟ್ಟಿಸಿ. ತಂದೆಯ ಎದುರಿಗೇ ಎಲ್ಲ ಹೇಳಿ ಅವಮಾನ ಮಾಡಬೇಡಿ. ಕಣ್ಣಿನ ಪೊರೆ, ಬಿ12, ಥೈರಾಯ್ಡ್, ನಿದ್ದೆ ಗುಳಿಗೆಯ ಪರಿಣಾಮ ಇವನ್ನೂ ನೋಡಲು ಕೇಳಿ. ಹೆಚ್ಚಿನ ತಪಾಸಣೆಗೆ ಧಾರವಾಡದ ಡಿಮ್ಹಾನ್ಸ್ (ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ) ಇದೆ. "ಇನ್ನು ಮುಂದೆ ವಾಹನ ಓಡಿಸಬಾರದು" ಎಂದು ಡಾಕ್ಟರು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆದು ಸಹಿ ಮಾಡಲಿ. ಅದನ್ನು ಲ್ಯಾಮಿನೇಟ್ ಮಾಡಿಸಿ ಇಡಿ. ತಂದೆ ಈ ನಿರ್ಧಾರವನ್ನೂ ಮರೆಯುತ್ತಾರೆ, ದಿನಕ್ಕೆ ಹತ್ತು ಸಲ ಚಾವಿ ಕೇಳಬಹುದು. ವಾದ ಬೇಡ. ಪ್ರತಿ ಸಲವೂ ಆ ಚೀಟಿ ತೋರಿಸಿ ಒಂದೇ ಮಾತು ಹೇಳಿ: "ಡಾಕ್ಟರು ಬ್ಯಾಡಂದಾರ್ರಿ ಅಪ್ಪಾ, ನಾ ಹೊಡಿತೀನಿ, ನೀವು ಮುಂದ ಕುಂದರ್ರಿ."

ಜೋಡಿ ಚಾವಿಯನ್ನೂ ಹುಡುಕಿ ತೆಗೆದಿಡಿ. ಜೇಬು ಬರಿದಾದರೆ ಚಡಪಡಿಸುವವರಿಗೆ ಯಾವುದಕ್ಕೂ ಹತ್ತದ ಹಳೆ ಚಾವಿಗಳ ಗೊಂಚಲು ಕೊಡಬಹುದು. ಬ್ಯಾಟರಿಯ ಮೈನಸ್ ತಂತಿಯನ್ನು 10 ನಂಬರ್ ಪಾನಾದಿಂದ ಸಡಿಲಿಸಿ ತೆಗೆದರೆ ಗಾಡಿ ಚಾಲೂ ಆಗದು. ಆದರೆ ಮಷಿನ್ ಕೆಲಸ ಗೊತ್ತಿದ್ದವರು ಮತ್ತೆ ಕೂಡಿಸಿಬಿಡುತ್ತಾರೆ, ಇಲ್ಲವೇ ಮೆಕ್ಯಾನಿಕ್‌ನನ್ನು ಕರೆಸುತ್ತಾರೆ. ಓಣಿಯ ಮೆಕ್ಯಾನಿಕ್‌ಗೆ ಮೊದಲೇ ಹೇಳಿರಿ. ಬ್ರೇಕಿಗೆ ಮಾತ್ರ ಎಂದೂ ಕೈ ಹಾಕಬೇಡಿ. ಎಲ್ಲಕ್ಕಿಂತ ಒಳ್ಳೆಯದು ಕಾರನ್ನು ಅಕ್ಕನ ಮನೆಗೋ ತಮ್ಮನ ಮನೆಗೋ ಒಯ್ದು ನಿಲ್ಲಿಸುವುದು. ಕಣ್ಣಿಗೆ ಬೀಳದಿದ್ದರೆ ಕೇಳುವುದೂ ಕಡಿಮೆಯಾಗುತ್ತದೆ.

ಚಾವಿ ಇಸಿದುಕೊಂಡು ಸುಮ್ಮನಾದರೆ ಮನುಷ್ಯ ಮನೆಯ ಮೂಲೆ ಹಿಡಿಯುತ್ತಾನೆ, ಮನಸ್ಸು ಕುಗ್ಗುತ್ತದೆ. ಬಹಳ ಮನೆಗಳು ಎಡವುವುದು ಇಲ್ಲಿಯೇ. ಒಂದು ವಾರ ಅವರು ಎಲ್ಲೆಲ್ಲಿಗೆ ಹೋಗುತ್ತಿದ್ದರು ಎಂದು ಬರೆಯಿರಿ: ಗುಡಿ, ಬ್ಯಾಂಕು, ಗೆಳೆಯರ ಜೊತೆ ಚಹಾ, ಸಂತೆ. ಒಂದೊಂದಕ್ಕೂ ಬದಲಿ ಏರ್ಪಾಡು ಮಾಡಿ. ಪರಿಚಯದ ಒಬ್ಬನೇ ಆಟೋದವನನ್ನು ತಿಂಗಳ ಲೆಕ್ಕಕ್ಕೆ ಗೊತ್ತು ಮಾಡಿ, ದಿನಾ ಅದೇ ಮುಖ, ಅದೇ ಹೊತ್ತು ಇರಲಿ. ಚಹಾದ ತಾಸು ತಪ್ಪಿಸಲೇಬೇಡಿ. ಬಸ್ಸಿಗೆ ಒಬ್ಬರನ್ನೇ ಹತ್ತಿಸಬೇಡಿ. ಅವ್ವ ಜೊತೆಗಿದ್ದರೆ ಅವರಿಗೆ ಶಕ್ತಿ ಯೋಜನೆ, ತಂದೆಗೆ ಹಿರಿಯ ನಾಗರಿಕರ ಶೇ 25 ರಿಯಾಯಿತಿ ಇದೆ. ಅಂಗಿಯ ಜೇಬಿನಲ್ಲಿ ನಿಮ್ಮ ಫೋನ್ ನಂಬರಿನ ಚೀಟಿ ಸದಾ ಇರಲಿ.

ಪ್ರಶ್ನೆ: ಮರೆವಿನ ಕಾಯಿಲೆ ಇರುವ ಮಾವನವರ ಲೈಸೆನ್ಸ್ ಇನ್ನೂ ಎರಡು ವರ್ಷ ಚಾಲ್ತಿಯಲ್ಲಿದೆ. ಅಲ್ಲಿಯವರೆಗೆ ಕಾನೂನಿನ ಅಡ್ಡಿ ಇಲ್ಲವಲ್ಲ?
— ಓದುಗರು, ವಿಜಯಪುರ

ಉತ್ತರ: ಇದೆ. ಕಾಯಿಲೆಯಿಂದ ತನ್ನ ಚಾಲನೆ ಅಪಾಯಕಾರಿ ಎಂದು ಗೊತ್ತಿದ್ದೂ ಓಡಿಸುವುದು 1988ರ ಮೋಟಾರು ವಾಹನ ಕಾಯ್ದೆಯ 186ನೇ ಕಲಮಿನಡಿ ಅಪರಾಧ. 16ನೇ ಕಲಮಿನಂತೆ ಆರ್‌ಟಿಒ ಹೊಸ ವೈದ್ಯಕೀಯ ಪ್ರಮಾಣಪತ್ರ ಕೇಳಬಹುದು, ಲೈಸೆನ್ಸ್ ರದ್ದು ಮಾಡಲೂಬಹುದು. ಮನೆಯವರ ಮಾತು ನಡೆಯದಿದ್ದರೆ ಡಾಕ್ಟರ ಚೀಟಿ ಸೇರಿಸಿ ಆರ್‌ಟಿಒಗೆ ಅರ್ಜಿ ಕೊಡಿ. 55 ದಾಟಿದವರಿಗೆ ನವೀಕರಣ ಐದು ವರ್ಷಕ್ಕೆ ಮಾತ್ರ. ಮುಂದಿನ ಸಲ ವೈದ್ಯಕೀಯ ನಮೂನೆಗೆ ಸಹಿ ಮಾಡುವ ಡಾಕ್ಟರಿಗೆ ಈ ಕಾಯಿಲೆಯ ವಿಷಯ ಮುಚ್ಚಿಡಬೇಡಿ.

ಪ್ರಶ್ನೆ: ನಮ್ಮ ಮನೆಯವರು ರಸ್ತೆಗೆ ಹೋಗುವುದಿಲ್ಲ, ಹೊಲದಲ್ಲಷ್ಟೇ ಟ್ರ್ಯಾಕ್ಟರ್ ಹೊಡೆಯುತ್ತಾರೆ. ಲೆವಿ ಬಾಡಿ ಎಂಬ ಮರೆವಿನ ಕಾಯಿಲೆ ಎಂದಿದ್ದಾರೆ. ಆಗಾಗ ಇಲ್ಲದ ಮಂದಿ ಕಾಣುತ್ತಾರೆ.
— ಗೃಹಿಣಿ, ಮುಧೋಳ ತಾಲೂಕು

ಉತ್ತರ: ಅಮ್ಮಾ, ಇವತ್ತೇ ಬಿಡಿಸಿರಿ. ಈ ಕಾಯಿಲೆಯಲ್ಲಿ ಮುಂಜಾನೆ ಚುರುಕಾಗಿದ್ದವರು ಮಧ್ಯಾಹ್ನಕ್ಕೆ ಮಂಕಾಗುತ್ತಾರೆ. ಇಲ್ಲದ ಮನುಷ್ಯನನ್ನು ತಪ್ಪಿಸಲು ಹೋಗಿ ಒಡ್ಡಿನ ಮೇಲೆ ಹೊರಳಿಸಿದರೆ ಟ್ರ್ಯಾಕ್ಟರು ಮಗುಚುತ್ತದೆ. ಹಿಂದೆ ರೋಟಾವೇಟರು ತಿರುಗುತ್ತಿರುವಾಗ ಇಳಿದರೆ ಇನ್ನೂ ಅಪಾಯ. ಬಹಳಷ್ಟು ಟ್ರ್ಯಾಕ್ಟರುಗಳಿಗೆ ಒಂದರ ಚಾವಿ ಇನ್ನೊಂದಕ್ಕೆ ಹತ್ತುವುದರಿಂದ ಚಾವಿ ಬಚ್ಚಿಟ್ಟರೆ ಸಾಲದು, ಬ್ಯಾಟರಿಯನ್ನೇ ಬಿಚ್ಚಿ ಒಳಗಿಡಿಸಿ. ಇಳಿಜಾರಿನಲ್ಲಿ ನಿಲ್ಲಿಸಬೇಡಿ, ಉರುಳಿಬಿಟ್ಟರೆ ಬ್ಯಾಟರಿ ಇಲ್ಲದೆಯೂ ಚಾಲೂ ಆಗುವ ಎಂಜಿನ್‌ಗಳಿವೆ. ಉಳುಮೆಗೆ ಆಳು ಬಂದಾಗ ಅವರನ್ನು ಬದುವಿನ ಮೇಲೆ ಕುರ್ಚಿ ಹಾಕಿ ಕೂಡ್ರಿಸಿ, ಸಾಲು ಹೇಗೆ ಬರಬೇಕೆಂದು ಅವರನ್ನೇ ಕೇಳಲಿ. ನಿಮಗೇ ಸಾಕಾದಾಗ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲಿ ಮಾತಾಡುತ್ತಾರೆ. ಹಿರಿಯರ ಸಹಾಯವಾಣಿ 14567 ಮುಂಜಾನೆ 8ರಿಂದ ರಾತ್ರಿ 8ರವರೆಗೆ ಇರುತ್ತದೆ.