‘ನಾವೂ ಏಟು ತಿಂದೇ ಬೆಳೆದವರು’

ಪ್ರಶ್ನೆ: ಮಗ ಒಂಬತ್ತನೇ ಕ್ಲಾಸು. ನಮ್ಮ ಯಜಮಾನರು ಎಲೆಕ್ಟ್ರಾನಿಕ್ ಸಿಟಿಯಿಂದ ರಾತ್ರಿ ಎಂಟೂವರೆಗೆ ಬರುತ್ತಾರೆ. ಮಾರ್ಕ್ಸ್ ಕಡಿಮೆ ಬಂದಿದ್ದರೆ ಪಕ್ಕದ ಮನೆಗೂ ಕೇಳುವ ಹಾಗೆ ಕೂಗಾಡುತ್ತಾರೆ. ಎರಡೇಟು ಹಾಕಿದ್ದೂ ಉಂಟು. ಮಾರನೇ ದಿನ ಅವರೇ ಮಸಾಲೆ ದೋಸೆ ಕೊಡಿಸುತ್ತಾರೆ. ‘ನಾವೂ ಏಟು ತಿಂದೇ ಬೆಳೆದವರು, ಕೆಟ್ಟುಹೋದ್ವಾ?’ ಅನ್ನುತ್ತಾರೆ. ಹೋದ ತಿಂಗಳು ಮಗ ಟೆಸ್ಟ್ ಪೇಪರಿಗೆ ನನ್ನ ಸಹಿ ತಾನೇ ಹಾಕಿಕೊಂಡಿದ್ದ. ಈಗ ರೂಮಿನ ಬಾಗಿಲು ಹಾಕಿಕೊಂಡರೆ ತೆಗೆಯುವುದಿಲ್ಲ. ಚಿಲಕ ಕೀಳಿಸುತ್ತೇನೆ ಅಂತಿದ್ದಾರೆ ಇವರು. ಏನು ಮಾಡಲಿ?
– ತಾಯಿ, ರಾಜಾಜಿನಗರ

ಉತ್ತರ: ಆ ಸಹಿಯಿಂದಲೇ ಶುರು ಮಾಡೋಣ. ಮಗ ಕಳ್ಳಾಟ ಕಲಿತ ಅಂತ ನಿಮಗೆ ಬೇಜಾರಾಗಿದೆ, ಅಲ್ವಾ? ನನಗೆ ಅದರಲ್ಲಿ ಕಾಣುವುದು ಭಯ. ಸಿಕ್ಕಿಬಿದ್ದರೆ ಏನಾಗುತ್ತದೆ ಅಂತ ಅವನಿಗೆ ಚೆನ್ನಾಗಿ ಗೊತ್ತು. ಲೆಕ್ಕದಲ್ಲಿ ಎಲ್ಲಿ ಎಡವಿದೆ ಅಂತ ಮಾತ್ರ ಇನ್ನೂ ಗೊತ್ತಿಲ್ಲ.

ದೋಸೆ ವಿಷಯಕ್ಕೆ ಬರುತ್ತೇನೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 976 ಕುಟುಂಬಗಳ ಮೇಲೆ ಒಂದು ಅಧ್ಯಯನ ನಡೆದಿತ್ತು. 13ನೇ ವಯಸ್ಸಿನಲ್ಲಿ ಅಪ್ಪ-ಅಮ್ಮನ ಕಿರುಚಾಟ, ಬೈಗುಳ ಜಾಸ್ತಿ ಇದ್ದ ಮಕ್ಕಳಲ್ಲಿ ಮರುವರ್ಷ ಖಿನ್ನತೆಯ ಲಕ್ಷಣವೂ ಪುಂಡಾಟವೂ ಹೆಚ್ಚಿದ್ದವು. ಉಳಿದ ಹೊತ್ತಿನಲ್ಲಿ ಪ್ರೀತಿ ತೋರಿಸುವ ಮನೆಗಳಲ್ಲೂ ಹೀಗೇ ಆಗಿತ್ತು. ಮಕ್ಕಳ ಪುಂಡಾಟ ಹೆಚ್ಚಿದ ಕಡೆ ಬೈಗುಳವೂ ಹೆಚ್ಚಿತ್ತು. ಗಾಣದೆತ್ತಿನ ಸುತ್ತು ಇದು.

ಏಟು ತಿಂದವರೆಲ್ಲ ಹಾಳಾಗುತ್ತಾರೆ ಅಂತ ನಾನು ಹೇಳುತ್ತಿಲ್ಲ. ನಿಮ್ಮ ಯಜಮಾನರು ಚೆನ್ನಾಗಿಯೇ ಇದ್ದಾರೆ. ಆದರೆ ನಮ್ಮ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಏಟು ಬಿದ್ದರೆ ಅಜ್ಜಿಯ ಸೆರಗಿತ್ತು, ಓಡಿಹೋಗಲು ಬೀದಿಯಿತ್ತು. ಎರಡು ರೂಮಿನ ಮನೆಯಲ್ಲಿ ನಿಮ್ಮ ಮಗನಿಗಿರುವುದು ಆ ಬಾಗಿಲೊಂದೇ. ಇವರನ್ನು ಒಂದು ಮಾತು ಕೇಳಿ: ಹದಿನಾಲ್ಕರಲ್ಲಿ ತಮ್ಮ ಕಷ್ಟವನ್ನು ಅಪ್ಪನ ಹತ್ತಿರ ಹೇಳಿಕೊಂಡಿದ್ದರಾ? ಸುಮ್ನೆ ಕೇಳಿ, ವಾದಕ್ಕಲ್ಲ.

ಶಿಸ್ತು ಬೇಡ ಅಂತಲ್ಲ. ಮೊಬೈಲಿಗೆ ಹೊತ್ತು ಗೊತ್ತು ಮಾಡಿ, ಅವನನ್ನೂ ಕೂರಿಸಿಕೊಂಡೇ ಮಾಡಿ. ಆಮೇಲೆ ಸಡಿಲ ಬಿಡಬೇಡಿ. ಆದರೆ ಎರಡು ಗಂಟೆ ಟ್ರಾಫಿಕ್‌ನಲ್ಲಿ ಬೆಂದು ಬಂದವರ ಕೈಗೆ ಟೆಸ್ಟ್ ಪೇಪರ್ ಕೊಡಬೇಡಿ! ಭಾನುವಾರ ತಿಂಡಿಯಾದ ಮೇಲೆ ತೆಗೆಯಿರಿ. ಮೇಲಿನ ಮಾರ್ಕ್ಸ್ ಬಿಟ್ಟು, ಒಳಗೆ ತಪ್ಪಾದ ಒಂದು ಲೆಕ್ಕ ನೋಡಿ. ‘ಇಲ್ಲಿ ಏನಾಯ್ತಪ್ಪ?’ ಅಷ್ಟೇ ಸಾಕು. ಸಹಿ ನೀವೇ ಹಾಕಿ, ಮಾರ್ಕ್ಸ್ ಎಷ್ಟೇ ಇರಲಿ. ಮೊದಲೆರಡು ವಾರ ಅವನು ನಂಬುವುದಿಲ್ಲ, ಪರೀಕ್ಷೆ ಮಾಡುತ್ತಾನೆ.

ಚಿಲಕ ಕೀಳಿಸಬೇಡಿ. ತಟ್ಟಿ, ‘ಊಟಕ್ಕೆ ಹಾಕಿದೀನಿ’ ಅಂತ ಒಂದೇ ಸಲ ಹೇಳಿ. ಆದರೆ ಎರಡು ವಾರ ಕಳೆದರೂ ಊಟ, ನಿದ್ದೆ ಕೆಟ್ಟಿದ್ದರೆ, ಗೆಳೆಯರನ್ನೂ ಬಿಟ್ಟಿದ್ದರೆ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ. ‘ನಾನಿಲ್ದಿದ್ರೆ ಒಳ್ಳೇದು’ ಅನ್ನುವಂಥ ಮಾತು ಬಂದರೆ ಒಂದು ದಿನವೂ ಕಾಯಬೇಡಿ, ಅವನನ್ನು ಒಬ್ಬನೇ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.