ಬೀನ್ ಅಂದೆ, ಬೀಫ್ ಬಂತು
ಡಲ್ಲಾಸ್‌ಗೆ ಬಂದು ಮೂರು ವಾರ ಆಯ್ತು, ‘ವೆಜ್’ ಅಂತ ಬಿಡಿಸಿ ಹೇಳಿದರೂ ಪೊಟ್ಟಣದಲ್ಲಿ ಮಾಂಸ ಬರುತ್ತೆ, ನನ್ನ ಇಂಗ್ಲಿಷ್ ಸರಿಯಿಲ್ವಾ ಅಂತ ಕೇಳಿದ್ದೀರಿ. ಬೇಜಾರು ಮಾಡ್ಕೋಬೇಡಿ, ಇದು ಎಲ್ಲರಿಗೂ ಆಗಿದ್ದೇ. ಹದಿನಾಲ್ಕು ವರ್ಷದ ಹಿಂದೆ ನಾನೊಂದು ಡ್ರೈವ್-ಥ್ರೂನಲ್ಲಿ (ಕಾರಿನಿಂದ ಇಳಿಯದೆ ಸ್ಪೀಕರ್‌ನಲ್ಲಿ ಹೇಳಿ ಕಿಟಕಿಯಲ್ಲಿ ತಗೊಳ್ಳೋ ಕಡೆ) ಬೀನ್ ಬರಿಟೊ, ಅಂದರೆ ಚಪಾತಿಯಂಥದ್ದರಲ್ಲಿ ಬೀನ್ಸ್ ಸುತ್ತಿದ ತಿಂಡಿ, ಕೇಳಿದ್ದೆ. ಹೈವೇ ಹತ್ತಿದ ಮೇಲೆ ಒಂದು ತುತ್ತು ಬಾಯಿಗಿಟ್ಟರೆ ಬೀಫ್! ಆ ಗೊರಗೊರ ಸ್ಪೀಕರ್‌ನಲ್ಲಿ ಬೀನ್, ಬೀಫ್ ಎರಡೂ ಒಂದೇ ಥರ ಕೇಳಿಸುತ್ತವೆ. ಗಾಡಿ ಪಕ್ಕಕ್ಕೆ ಹಾಕಿ ಒಂದು ಬಾಟಲ್ ನೀರು ಪೂರ್ತಿ ಬಾಯಿ ಮುಕ್ಕಳಿಸಿದ್ದೆ. ಈಗ ‘ಬೀನ್ಸ್, ನೋ ಮೀಟ್’ ಅಂತ ಎರಡೆರಡು ಸಲ ಹೇಳುತ್ತೇನೆ.

ನಮ್ಮ ದರ್ಶಿನಿಯಲ್ಲಿ ‘ಕೆಂಪು ಚಟ್ನಿ ಬೇಡ, ಎಣ್ಣೆ ಕಮ್ಮಿ’ ಅಂದರೆ ಕಾವಲಿ ಮುಂದೆ ನಿಂತವರಿಗೇ ಕೇಳಿಸುತ್ತೆ, ಅಲ್ವಾ? ಇಲ್ಲಿ ಕೇಳಿಸಿಕೊಳ್ಳುವವರು ಒಬ್ಬರು, ಮಾಡುವವರು ಇನ್ನೊಬ್ಬರು, ನಡುವೆ ಒಂದು ಸ್ಕ್ರೀನ್. ಅದರಲ್ಲಿ ಇರುವುದು ‘ನೋ’, ‘ಆ್ಯಡ್’, ‘ಸಬ್’ (ಒಂದರ ಬದಲು ಇನ್ನೊಂದು), ‘ಎಕ್ಸ್‌ಟ್ರಾ’ ಥರದ ಬಟನ್‌ಗಳು. ಹಾಗಾಗಿ ಬಟನ್ ಭಾಷೆಯಲ್ಲೇ ಮಾತಾಡಿ. ನಮ್ಮ ಮನೇಲಿ ಯಾರೂ ತಿನ್ನಲ್ಲ ಅನ್ನೋ ಕಥೆ ಬೇಡ. ಮೊದಲು ತಿಂಡಿಯ ಹೆಸರು, ಆಮೇಲೆ ಬದಲಾವಣೆ: ‘ಕ್ರಂಚ್‌ರ್‍ಯಾಪ್, ಸಬ್ ಬೀನ್ಸ್ ಫಾರ್ ಬೀಫ್’. ಮೆಕ್ಸಿಕನ್ ಥರದ ತಿಂಡಿ ಮಾರುವ ಟಾಕೊ ಬೆಲ್‌ನಲ್ಲಿ ಬೀಫ್ ಬದಲು ಬೀನ್ಸ್ ಬರೋಕೆ ಇಷ್ಟು ಸಾಕು. ‘ಪ್ಲೇನ್’ ಅನ್ನೋ ಪದ ಮಾತ್ರ ಬಳಸಬೇಡಿ. ಪ್ಲೇನ್ ಬರ್ಗರ್ ಅಂದರೆ ಈರುಳ್ಳಿ, ಸಾಸ್ ಎಲ್ಲಾ ಹೋಗಿ ಮಾಂಸದ ಪ್ಯಾಟಿ ಒಂದೇ ಉಳಿಯುತ್ತೆ.

ಮಾತಾಡೋ ರಗಳೆಯೇ ಬೇಡ ಅಂದರೆ ಆ್ಯಪ್ ಅಥವಾ ಕಿಯೋಸ್ಕ್‌ನಲ್ಲಿ ನೀವೇ ಒತ್ತಿ. ಸಬ್‌ವೇನಲ್ಲಿ ಕಣ್ಣೆದುರಿಗೇ ಮಾಡುತ್ತಾರೆ, ಗ್ಲೌಸ್ ಬದಲಾಯಿಸಿ, ಬೇರೆ ಚಾಕು ತಗೊಳ್ಳಿ ಅಂತ ಕೇಳಿ, ಸಂಕೋಚ ಬೇಡ. ಬರ್ಗರ್ ಕಿಂಗ್‌ನ ಇಂಪಾಸಿಬಲ್ ವಾಪರ್ ಪ್ಯಾಟಿ ಗಿಡಮೂಲದ್ದೇ, ಆದರೆ ಮಾಂಸ ಬೇಯಿಸುವ ಬ್ರಾಯ್ಲರ್ ಅನ್ನೋ ಬೆಂಕಿ ಒಲೆಯಲ್ಲೇ ಬೇಯುತ್ತೆ. 2019ರಲ್ಲಿ ಇದಕ್ಕೇ ಒಬ್ಬರು ಕೇಸು ಹಾಕಿದ್ದರು. ಬೇರೆ ಕಡೆ ಬೇಯಿಸಿ ಅಂತ ನೀವೇ ಕೇಳಬೇಕು.

ಎಷ್ಟು ನೀಟಾಗಿ ಹೇಳಿದರೂ ಸರಿ ಹೋಗದ ಐಟಂ ಒಂದಿದೆ, ಮೆಕ್‌ಡೊನಾಲ್ಡ್ಸ್ ಫ್ರೈಸ್. 1990ರಲ್ಲಿ ದನದ ಕೊಬ್ಬು ಬಿಟ್ಟು ಸಸ್ಯದ ಎಣ್ಣೆಗೆ ಬಂದರು, ಆದರೆ ಬೀಫ್ ಫ್ಲೇವರ್ ಹಾಗೇ ಉಳಿಸಿಕೊಂಡರು. ಸಸ್ಯಾಹಾರಿಗಳು, ಹಿಂದೂಗಳು ಕೋರ್ಟಿಗೆ ಹೋಗಿ 2002ರಲ್ಲಿ ಒಂದು ಕೋಟಿ ಡಾಲರ್‌ಗೆ ರಾಜಿ ಆಯಿತು. ಅಷ್ಟಾದರೂ ಇಲ್ಲಿನ ಫ್ರೈಸ್‌ನಲ್ಲಿ ಆ ಫ್ಲೇವರ್ ಇದ್ದೇ ಇದೆ. ಬೆಂಗಳೂರಿನಲ್ಲಿ ತಿಂದದ್ದು ಹಾಗಿರಲಿಲ್ಲ, ಅದಕ್ಕೇ ನಮ್ಮವರು ಸುಮ್ನೆ ನಂಬಿ ತಿಂದುಬಿಡುತ್ತಾರೆ.

ಕಿಟಕಿ ಬಿಡುವ ಮೊದಲು ರಸೀದಿ ನೋಡಿ, ‘ಸಬ್ ಬೀನ್ಸ್’, ‘ನೋ ಬೀಫ್’ ಅಂತ ಅಚ್ಚಾಗಿರಬೇಕು. ಆಮೇಲೆ ಪೊಟ್ಟಣ ಬಿಚ್ಚಿ ಒಳಗೂ ನೋಡಿ. ಹಿಂದಿನ ಕಾರಿನವನು ಹಾರ್ನ್ ಹೊಡೆದರೆ ಹೊಡೀಲಿ. ತಪ್ಪಾಗಿದ್ದರೆ ನಗುತ್ತಲೇ ಹೇಳಿ, ಸಾಮಾನ್ಯವಾಗಿ ದುಡ್ಡು ಕೇಳದೆ ಮತ್ತೆ ಮಾಡಿಕೊಡುತ್ತಾರೆ. ಮಧ್ಯಾಹ್ನ ಹನ್ನೆರಡರಿಂದ ಒಂದರವರೆಗೆ ಹೋಗಲೇಬೇಡಿ, ಆ ಗಡಿಬಿಡಿಯಲ್ಲಿ ತಪ್ಪು ಜಾಸ್ತಿ.

ಈ ವಾರ ಇನ್-ಎನ್-ಔಟ್ ಅನ್ನೋ ಬರ್ಗರ್ ಅಂಗಡಿಗೆ ಹೋಗಿ ‘ಗ್ರಿಲ್ಡ್ ಚೀಸ್’, ಅಂದರೆ ಮಾಂಸವಿಲ್ಲದ ಚೀಸ್ ಬರ್ಗರ್, ಕೇಳಿ. ಬೋರ್ಡಿನಲ್ಲಿ ಇರಲ್ಲ, ಆದರೂ ಕೊಡುತ್ತಾರೆ. ಅದಕ್ಕೆ ಹಚ್ಚುವ ‘ಸ್ಪ್ರೆಡ್’ ಅನ್ನೋ ಸಾಸ್‌ನಲ್ಲಿ ಮೊಟ್ಟೆ ಇರುತ್ತೆ, ತಿನ್ನದಿದ್ದರೆ ‘ನೋ ಸ್ಪ್ರೆಡ್’ ಅನ್ನಿ. ಅವರ ಫ್ರೈಸ್ ಸೂರ್ಯಕಾಂತಿ ಎಣ್ಣೆಯದ್ದು, ಆರಾಮಾಗಿ ತಿನ್ನಿ.