ರಂಜಕದ ಮೇಲೆ ಬಂದ ಅಪವಾದ

ಬ್ಯಾಡಗಿ ಕಡೆಯ ಹೆಣ್ಣುಮಗಳು, ವಯಸ್ಸು ಐವತ್ತರ ಹತ್ತಿರ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ದಿನವಿಡೀ ಕೂತು ಮೆಣಸಿನಕಾಯಿ ತುಂಬು ಬಿಡಿಸುವ ಕೂಲಿ. ಖಿನ್ನತೆಗೆ ಐದು ತಿಂಗಳಿಂದ ಸರ್ಟ್ರಲೀನ್ ನಡೆದಿತ್ತು. ನಿದ್ದೆ, ಊಟ ಹಾದಿಗೆ ಬಂದಿದ್ದವು. ಅವತ್ತು ಬಂದವರೇ, "ಮೇಡಮ್ಮರ, ಈ ಗುಳಿಗಿ ಬಿಟ್ಟಬಿಡ್ತೀನ್ರಿ. ಹೊಟ್ಟ್ಯಾಗ ಬೆಂಕಿ ಬಿದ್ದಂಗ ಆಗೈತಿ. ನಮ್ಮತ್ತಿ ರಂಜಕ ಉಣಬ್ಯಾಡ ಅಂದ್ಲು, ಬಿಟ್ರೂ ಉರಿ ಕಡಿಮಿ ಆಗವಲ್ತು" ಅಂದರು. ರಂಜಕ ಅಂದರೆ ಕೆಂಪು ಮೆಣಸಿನಕಾಯಿಯ ಖಾರದ ಚಟ್ನಿ.

ಬೇರೆ ಗುಳಿಗೆ? "ಇಲ್ರಿ." ಬೆನ್ನುನೋವಿಗೆ ಏನು ಮಾಡ್ತೀರಿ ಎಂದಾಗ ಎಲೆ ಅಡಿಕೆ ಸಂಚಿಯಿಂದ ಕತ್ತರಿಸಿದ ಗುಳಿಗೆ ಪಟ್ಟಿಯೊಂದು ಹೊರಬಿತ್ತು. ಉಳಿದಿದ್ದು ಅರ್ಧ ಹೆಸರು: 'ಫೆನಾಕ್'. ಡೈಕ್ಲೋಫೆನಾಕ್, ದಿನಕ್ಕೆ ಎರಡು, ಮೂರು ವಾರದಿಂದ. ವೈದ್ಯರ ಚೀಟಿ ಇಲ್ಲದೆ ಅಂಗಡಿಯಲ್ಲಿ ಕೊಡಬಾರದ್ದು, ಕೊಡುತ್ತಾರೆ. ನೋವಿನ ಗುಳಿಗೆಯನ್ನು ನಮ್ಮಲ್ಲಿ ಯಾರೂ ಔಷಧದ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಅಂಗಡಿಯವನಿಗೆ ಸರ್ಟ್ರಲೀನ್ ಸುದ್ದಿ ಹೇಳಿದ್ರಾ? "ಅವಗ ಹೇಳಿದ್ರ ಓಣಿಗೆಲ್ಲಾ ಗೊತ್ತಾಗ್ತೈತಲ್ರಿ."

ಮಲದ ಬಣ್ಣ ಕೇಳಿದೆ. ಸೆರಗು ಬಾಯಿಗೆ ಹಿಡಿದು, "ಡಾಂಬರಿನಂಗ" ಅಂದರು. ಮಾತು ಅಲ್ಲಿಗೇ ನಿಲ್ಲಿಸಿ, ಮಗನನ್ನು ಕರೆಸಿ ಆಗಲೇ ಆಸ್ಪತ್ರೆಗೆ ಕಳಿಸಿದೆ. ಹೊಟ್ಟೆಯಲ್ಲಿ ರಕ್ತ ಜಿನುಗುತ್ತಿತ್ತು.

ಗಾಯದ ರಕ್ತ ನಿಲ್ಲಿಸುವ ಪ್ಲೇಟ್‌ಲೆಟ್ ಕಣಗಳಿಗೆ ಸೆರೊಟೋನಿನ್ ಎಂಬ ರಾಸಾಯನಿಕ ಬೇಕು. ಸರ್ಟ್ರಲೀನ್, ಎಸ್ಸಿಟಾಲೋಪ್ರಾಮ್‌ನಂಥ ಖಿನ್ನತೆಯ ಗುಳಿಗೆಗಳು ಸೆರೊಟೋನಿನ್ ಈ ಕಣಗಳೊಳಗೆ ಸೇರುವುದನ್ನು ತಡೆಯುತ್ತವೆ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಹೊಟ್ಟೆಯ ಒಳಪೊರೆಯ ರಕ್ಷಣೆ ಕುಗ್ಗಿಸುತ್ತವೆ. ಎರಡೂ ಕೂಡಿದರೆ ರಕ್ತಸ್ರಾವದ ಅಪಾಯ ಹೆಚ್ಚು.

ವೈದ್ಯರು ಡೈಕ್ಲೋಫೆನಾಕ್ ನಿಲ್ಲಿಸಿದರು. ಸರ್ಟ್ರಲೀನ್ ಮುಂದುವರಿಸಬೇಕೋ ಬೇಡವೋ ಎಂಬುದನ್ನು ಮನೋವೈದ್ಯರನ್ನು ಕೇಳಿಯೇ ತೀರ್ಮಾನಿಸಿದರು; ಮುಂದುವರಿಯಿತು. ತಾವಾಗಿಯೇ ಥಟ್ಟನೆ ಬಿಟ್ಟಿದ್ದರೆ ತಲೆಸುತ್ತು, ಚಡಪಡಿಕೆ, ಮತ್ತೆ ಹಳೆಯ ಕತ್ತಲೆ ಬರಬಹುದಿತ್ತು. ನೋವಿಗೆ ಪ್ಯಾರಸಿಟಮಾಲ್ 500, ಆರು ತಾಸಿಗೊಂದರಂತೆ, ದಿನಕ್ಕೆ ನಾಲ್ಕು ಮೀರದಂತೆ. ನೆಗಡಿ ಗುಳಿಗೆಯಲ್ಲೂ ಅದೇ ಅಡಗಿರುತ್ತದೆ, ಲೆಕ್ಕಕ್ಕೆ ಸೇರಿಸಿ ಎಂದೆ. ನೋವು ಜಾಸ್ತಿ ಎಂದು ಯಾರಾದರೂ ಟ್ರಮಡಾಲ್ ಕೊಟ್ಟರೆ ವೈದ್ಯರನ್ನು ಕೇಳದೆ ಮುಟ್ಟಬೇಡಿ. ಅದು ಸರ್ಟ್ರಲೀನ್ ಜೊತೆ ಕೂಡಿದರೆ ಸೆರೊಟೋನಿನ್ ಮಿತಿಮೀರಿ ನಡುಕ, ಬೆವರು, ಎದೆಬಡಿತ ಶುರುವಾಗಬಹುದು. ಡೆಕ್ಸ್ಟ್ರೊಮೆಥಾರ್ಫನ್ ಇರುವ ಕೆಮ್ಮಿನ ಸಿರಪ್ಪಿಗೂ ಇದೇ ಎಚ್ಚರ.

ಬಚ್ಚಿಡುವುದನ್ನು ಒಮ್ಮೆಲೇ ಬಿಡಿ ಎನ್ನಲು ನನಗೆ ಬಾಯಿ ಬರಲಿಲ್ಲ, ಆ ಓಣಿಯಲ್ಲಿ ಬದುಕುವವರು ಅವರು. ಮಗನ ಕೈಲಿ ಗುಳಿಗೆಗಳ ಹೆಸರು ಬರೆಸಿ ಚೀಟಿ ಸಂಚಿಯಲ್ಲಿಡಿ, ಪಟ್ಟಿಯನ್ನು ಹೆಸರಿರುವ ಕಡೆ ಕತ್ತರಿಸಲು ಬಿಡಬೇಡಿ ಎಂದೆ. ಈಗ ಚೀಟಿ ತೋರಿಸುತ್ತಾರೆ, ಊರಲ್ಲಲ್ಲ, ಹಾವೇರಿಗೆ ಹೋದಾಗ. ಅತ್ತೆ ಮಾತ್ರ ಇನ್ನೂ ರಂಜಕವನ್ನೇ ಬೈಯುತ್ತಾರಂತೆ.